ಅದಿರು ಸಿಕ್ಕರೆ ಷೇರುದಾರನಿಗೆ ಸಿಗುವುದೆಷ್ಟು? ಖನಿಜ ಪರಿಶೋಧನೆಯ ಹೂಡಿಕೆಯನ್ನು ತೂಗಿ ನೋಡುವ ಬಗೆ

2025ರ ಅಕ್ಟೋಬರ್‌ನಲ್ಲಿ ಚಿನ್ನದ ಬೆಲೆ ಮೊದಲ ಬಾರಿಗೆ ಔನ್ಸ್‌ಗೆ 4,000 ಡಾಲರ್ ದಾಟಿತು. ಅದೇ ವರ್ಷದ ಜನವರಿಯಲ್ಲಿ ಕೇಂದ್ರ ಸಚಿವ ಸಂಪುಟ 16,300 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ನಿರ್ಣಾಯಕ ಖನಿಜ ಮಿಷನ್‌ಗೆ ಒಪ್ಪಿಗೆ ಕೊಟ್ಟಿತ್ತು. ಚಿನ್ನ, ಲಿಥಿಯಂ, ತಾಮ್ರ, ವಿರಳ ಭೂಧಾತುಗಳ ಮಾತು ಹೀಗೆ ದಿನವೂ ಕಿವಿಗೆ ಬೀಳುತ್ತಿರುವಾಗ, ಇವುಗಳನ್ನು ಹುಡುಕುವ ಸಣ್ಣ ಕಂಪನಿಗಳ ಷೇರುಗಳತ್ತ ಸಾಮಾನ್ಯ ಹೂಡಿಕೆದಾರರ ಕಣ್ಣು ಹರಿಯುವುದು ಸಹಜ. ಪರ್ತ್‌ನಲ್ಲೋ ಟೊರಾಂಟೊದಲ್ಲೋ ನೆಲೆಸಿರುವ ಕನ್ನಡಿಗರಿಗೆ ಇಂಥ ನೂರಾರು ಕಂಪನಿಗಳು ಅಲ್ಲಿನ ಷೇರುಪೇಟೆಯಲ್ಲೇ ಸಿಗುತ್ತವೆ. ಭಾರತದಲ್ಲಿರುವವರೂ ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಿ ಅವುಗಳಲ್ಲಿ ಹಣ ಹೂಡಬಹುದು.

ಕೊಳ್ಳುವ ಮುನ್ನ ಈ ಕಂಪನಿಗಳ ಸ್ವರೂಪ ತಿಳಿದಿರಬೇಕು. ಪರಿಶೋಧನಾ ಕಂಪನಿಗೆ ಗಣಿ ಇರುವುದಿಲ್ಲ, ಉತ್ಪಾದನೆ ಇರುವುದಿಲ್ಲ, ಮಾರಾಟದಿಂದ ಬರುವ ಆದಾಯವೂ ಇರುವುದಿಲ್ಲ. ಕೆಲವು ಚದರ ಕಿಲೋಮೀಟರ್ ನೆಲದಲ್ಲಿ ಹುಡುಕುವ ಹಕ್ಕು, ನಾಲ್ಕಾರು ಭೂವಿಜ್ಞಾನಿಗಳು, ಕೊರೆಯುವ ಯೋಜನೆ, ಷೇರು ಮಾರಿ ಕೂಡಿಸಿದ ನಗದು, ಇಷ್ಟೇ ಅದರ ಆಸ್ತಿ. ಹಾಗಾಗಿ ಇಂಥ ಷೇರನ್ನು ಕೊಳ್ಳುವವನು ಮೂರು ಬೇರೆಬೇರೆ ಪ್ರಶ್ನೆಗಳ ಮೇಲೆ ಏಕಕಾಲಕ್ಕೆ ಪಣ ಒಡ್ಡುತ್ತಾನೆ. ನೆಲದಡಿ ಅದಿರು ಇದೆಯೇ? ಇದ್ದರೆ ಅದನ್ನು ಅಗೆದು ಮಾರಿ ಲಾಭ ಮಾಡಲು ಸಾಧ್ಯವೇ? ಸಾಧ್ಯವಾದರೆ ಆ ಲಾಭ ಕಂಪನಿಯ ಕೈ ಸೇರಿ, ಅಲ್ಲಿಂದ ಇವತ್ತಿನ ಷೇರುದಾರನವರೆಗೆ ಬರುತ್ತದೆಯೇ? ಪತ್ರಿಕಾ ಪ್ರಕಟಣೆಗಳು, ಯೂಟ್ಯೂಬ್ ಸಲಹೆಗಳು, ಟೆಲಿಗ್ರಾಂ ಗುಂಪುಗಳ ಚರ್ಚೆ ಎಲ್ಲವೂ ಮೊದಲ ಪ್ರಶ್ನೆಯ ಸುತ್ತಲೇ ತಿರುಗುತ್ತವೆ. ಆದರೆ ಹೂಡಿಕೆದಾರರ ಹಣ ಹೆಚ್ಚಾಗಿ ಕರಗುವುದು ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಈ ವ್ಯವಹಾರದ ಇತಿಹಾಸ ಅದನ್ನು ಮತ್ತೆ ಮತ್ತೆ ತೋರಿಸಿದೆ.

ಈ ಬಗೆಯ ಹೂಡಿಕೆ ನಮ್ಮ ನಾಡಿಗೆ ಹೊಸದೇನಲ್ಲ. ಕೋಲಾರದ ಚಿನ್ನದ ಗಣಿಗಳು ಹುಟ್ಟಿದ್ದೇ ಲಂಡನ್ನಿನ ಸಟ್ಟಾ ಹಣದಿಂದ. 1880ರಲ್ಲಿ ಸ್ಥಾಪನೆಯಾದ ಮೈಸೂರ್ ಗೋಲ್ಡ್ ಮೈನಿಂಗ್ ಕಂಪನಿ ಮೊದಲ ಮೂರು ವರ್ಷಗಳಲ್ಲಿ ಬಂಡವಾಳದ ಬಹುಪಾಲನ್ನು ಕಳೆದುಕೊಂಡು, ಕೈಯಲ್ಲಿ ಸುಮಾರು 13,000 ಪೌಂಡ್ ಉಳಿದ ಸ್ಥಿತಿಗೆ ಬಂದಿತ್ತು. ಉಳಿದದ್ದನ್ನು ಹಂಚಿಕೊಂಡು ಬಾಗಿಲು ಮುಚ್ಚೋಣ ಎಂದು ಷೇರುದಾರರಲ್ಲಿ ಹಲವರು ಬಯಸಿದ್ದರು. ಗಣಿಗಳನ್ನು ನಡೆಸಿಕೊಡುವ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಅವರನ್ನು ಒಪ್ಪಿಸಿ ಕ್ಯಾಪ್ಟನ್ ಪ್ಲಮ್ಮರ್‌ನನ್ನು ಕಳಿಸಿತು. ಹಳೆಯ ಕಾಲದ ಜನ ಅಗೆದು ಬಿಟ್ಟಿದ್ದ ಗುಂಡಿಗಳ ಕೆಳಗೆ ಆತ ಇಳಿದಾಗ ಚಾಂಪಿಯನ್ ಎಂಬ ಹೆಸರಿನ ಚಿನ್ನದ ಸಿರ, ಅಂದರೆ ಬಂಡೆಯೊಳಗೆ ಹರಿದ ಚಿನ್ನದ ಪಟ್ಟಿ, ಸಿಕ್ಕಿತು. ಮುಂದೆ ಆ ನೆಲ 120 ವರ್ಷಗಳ ಅವಧಿಯಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟು, 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, 2001ರ ಫೆಬ್ರವರಿಯಲ್ಲಿ ಮುಚ್ಚಿತು.

ಪರಿಶೋಧನಾ ಷೇರುಗಳನ್ನು ಮಾರುವವರು ಹೇಳುವುದು ಸಾಮಾನ್ಯವಾಗಿ ಇಂಥ ಕಥೆಗಳನ್ನೇ. ಅದೇ ವರ್ಷಗಳಲ್ಲಿ ಕೋಲಾರದಿಂದ ಕೆಲವೇ ನೂರು ಕಿಲೋಮೀಟರ್ ದೂರದ ನೀಲಗಿರಿ–ವಯನಾಡಿನ ಬೆಟ್ಟಗಳಲ್ಲಿ ನಡೆದದ್ದನ್ನು ಅವರು ಹೇಳುವುದಿಲ್ಲ. ಆಸ್ಟ್ರೇಲಿಯಾದಿಂದ ಬಂದ ಗಣಿ ತಜ್ಞ ಬ್ರೌ ಸ್ಮಿತ್‌ನ ವರದಿಯ ಬೆನ್ನಿಗೆ ಲಂಡನ್ನಿನಲ್ಲಿ ವಯನಾಡಿನ ಚಿನ್ನದ ಹೆಸರಲ್ಲಿ ಒಂದರ ಹಿಂದೊಂದು ಕಂಪನಿ ಹುಟ್ಟಿತು. ದೇವಾಲ, ಪಂದಲೂರುಗಳಿಗೆ ಹಡಗುಗಟ್ಟಲೆ ಯಂತ್ರಗಳು ಬಂದವು. ಚಿನ್ನ ಇತ್ತು, ಇಲ್ಲವೆಂದಲ್ಲ. ಆದರೆ ಅರೆದು ತೆಗೆದರೆ ಖರ್ಚು ಹುಟ್ಟುವಷ್ಟು ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಕಂಪನಿಗಳು ಅಳಿದವು, ಹಣ ಹಾಕಿದವರ ಹೆಸರುಗಳೂ ಮರೆತುಹೋದವು. ಗೆದ್ದ ಒಂದು ಗಣಿಯ ಊರಿಗೆ ರೈಲು ನಿಲ್ದಾಣ, ಆಸ್ಪತ್ರೆ, 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು, ಇತಿಹಾಸವೂ ಉಳಿಯಿತು. ಸೋತವುಗಳ ದಾಖಲೆ ಹುಡುಕಿ ನೋಡಬೇಕಾಗುತ್ತದೆ, ಆದ್ದರಿಂದಲೇ ಹೂಡಿಕೆದಾರನ ಮನಸ್ಸಿನಲ್ಲಿ ಗೆಲುವಿನ ಸಂಭವ ಅದರ ನಿಜವಾದ ಅಳತೆಗಿಂತ ಬಹಳ ದೊಡ್ಡದಾಗಿ ಕಾಣುತ್ತದೆ.

ಮೊದಲ ಪ್ರಶ್ನೆ, ಅಂದರೆ ಅದಿರು ಇದೆಯೇ ಎಂಬುದು, ವಂಚನೆಗೂ ತೆರೆದುಕೊಂಡಿದೆ. ಕೆನಡಾದ ಕ್ಯಾಲ್ಗರಿಯ ಬ್ರೀ–ಎಕ್ಸ್ ಮಿನರಲ್ಸ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ. ಇಂಡೋನೇಷ್ಯಾದ ಬುಸಾಂಗ್ ಎಂಬಲ್ಲಿ 7.1 ಕೋಟಿ ಔನ್ಸ್ ಚಿನ್ನವಿದೆ ಎಂದು ಅದು ಹೇಳಿಕೊಂಡಾಗ ಕಂಪನಿಯ ಮಾರುಕಟ್ಟೆ ಮೌಲ್ಯ 600 ಕೋಟಿ ಕೆನಡಿಯನ್ ಡಾಲರ್ ಮುಟ್ಟಿತ್ತು. 1997ರ ಮಾರ್ಚ್‌ನಲ್ಲಿ ಪಾಲುದಾರಿಕೆಗೆ ಬಂದ ಫ್ರೀಪೋರ್ಟ್ ಕಂಪನಿ ಅದೇ ರಂಧ್ರಗಳ ಪಕ್ಕದಲ್ಲಿ ತಾನೇ ಕೊರೆದು ನೋಡಿದರೆ ಲೆಕ್ಕಕ್ಕೆ ಹಿಡಿಯುವಂಥ ಚಿನ್ನ ಕಾಣಲಿಲ್ಲ. ಮೇ ತಿಂಗಳಲ್ಲಿ ಸ್ವತಂತ್ರ ತಜ್ಞ ಸಂಸ್ಥೆಯಾದ ಸ್ಟ್ರಾತ್ಕೋನಾ, ಮಾದರಿಗಳಿಗೆ ಹೊರಗಿನಿಂದ ಚಿನ್ನದ ಕಣ ಬೆರೆಸಲಾಗಿತ್ತು ಎಂದು ವರದಿ ಕೊಟ್ಟಿತು. ಈ ಪ್ರಕರಣದಲ್ಲಿ ನನಗೆ ಮುಖ್ಯವೆನಿಸುವುದು ಒಂದು ಸಣ್ಣ ವಿವರ. ಕೊರೆದಾಗ ಮೇಲೆ ಬರುವ ಕಲ್ಲಿನ ಕೋಲನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಪರೀಕ್ಷೆಗೆ ಕಳಿಸಿ ಉಳಿದರ್ಧವನ್ನು ಪೆಟ್ಟಿಗೆಯಲ್ಲಿ ಕಾಪಿಡುವುದು ಈ ವೃತ್ತಿಯ ರೂಢಿ, ಏಕೆಂದರೆ ಸಂಶಯ ಬಂದರೆ ಮತ್ತೊಬ್ಬರು ಪರೀಕ್ಷಿಸಬಹುದು. ಬ್ರೀ–ಎಕ್ಸ್ ಹೆಚ್ಚುಕಡಿಮೆ ಇಡೀ ಕೋಲನ್ನೇ ಪುಡಿಮಾಡುತ್ತಿತ್ತು. ಈ ಸಂಗತಿ ಗುಟ್ಟಾಗಿರಲಿಲ್ಲ, ಕೇಳಿದವರು ಮಾತ್ರ ವಿರಳ. ಹಗರಣದ ನಂತರ 2001ರಲ್ಲಿ ಕೆನಡಾ ಖನಿಜ ವರದಿಗಳಿಗೆ ಕಟ್ಟುನಿಟ್ಟಾದ ನಿಯಮ ತಂದಿತು. ಅರ್ಹ ವೃತ್ತಿಪರನೊಬ್ಬ ಹೆಸರು ಹಾಕಿ ಹೊಣೆ ಹೊರಬೇಕೆಂಬುದು ಅದರ ತಿರುಳು. ಆಸ್ಟ್ರೇಲಿಯಾದಲ್ಲಿ ಜಾರ್ಕ್ ಸಂಹಿತೆ ಅದೇ ಕೆಲಸ ಮಾಡುತ್ತದೆ.

ಹೀಗೆ ನೇರ ಸುಳ್ಳಿಗೆ ಜಾಗ ಕಡಿಮೆಯಾಯಿತು, ಆದರೆ ನಿಯಮದೊಳಗೇ ನಿಂತು ಅಂಕಿಗಳನ್ನು ಚೆಂದಗಾಣಿಸುವುದು ನಿಂತಿಲ್ಲ. ಒಂದು ಕಲ್ಪಿತ ಪ್ರಕಟಣೆಯನ್ನು ನೋಡೋಣ: '40 ಮೀಟರ್ ಉದ್ದಕ್ಕೆ ಟನ್ನಿಗೆ 0.9 ಗ್ರಾಂ ಚಿನ್ನ; ಅದರೊಳಗೆ 1.2 ಮೀಟರ್‌ಗೆ ಟನ್ನಿಗೆ 25 ಗ್ರಾಂ.' ಓದಿದವರಿಗೆ 40 ಮೀಟರ್ ದಪ್ಪದ ಚಿನ್ನದ ಬಂಡೆಯೂ, ಅದರ ನಡುವೆ ಭರ್ಜರಿ ಸಿರವೂ ಸಿಕ್ಕಿವೆ ಎನಿಸುತ್ತದೆ. ಈಗ ಗುಣಿಸಿ ನೋಡಿ. 40ನ್ನು 0.9ರಿಂದ ಗುಣಿಸಿದರೆ 36. 1.2ನ್ನು 25ರಿಂದ ಗುಣಿಸಿದರೆ 30. ಅಂದರೆ 36ರಲ್ಲಿ 30 ಪಾಲು ಆ ಒಂದೂ ಕಾಲು ಮೀಟರಿನಷ್ಟೂ ಇಲ್ಲದ ತುಣುಕಿನಲ್ಲೇ ಇದೆ. ಮಿಕ್ಕ 38.8 ಮೀಟರ್ ಕಲ್ಲಿನಲ್ಲಿ ಟನ್ನಿಗೆ 0.15 ಗ್ರಾಂ ಆಸುಪಾಸು ಮಾತ್ರ, ಬಹುತೇಕ ಗಣಿಗಳಲ್ಲಿ ಅಂಥ ಕಲ್ಲನ್ನು ತ್ಯಾಜ್ಯವೆಂದು ಬದಿಗೆ ಸುರಿಯುತ್ತಾರೆ. ಕೊರೆದ ರಂಧ್ರ ಸಿರದ ಗುಂಟ ಓರೆಯಾಗಿ ಸಾಗಿದ್ದರೆ ಆ 1.2 ಮೀಟರ್ ಕೂಡ ನಿಜವಾದ ದಪ್ಪವಲ್ಲ, ಅರ್ಧ ಮೀಟರ್ ಇದ್ದೀತು. ಪ್ರಕಟಣೆಯ ಒಂದಕ್ಷರವೂ ಸುಳ್ಳಲ್ಲ. ಎರಡು ಗುಣಾಕಾರ, ಒಂದು ಭಾಗಾಕಾರ ಮಾಡಲು ಪುರುಸೊತ್ತಿಲ್ಲದವರು ಈ ಷೇರುಗಳ ಹತ್ತಿರ ಸುಳಿಯದಿರುವುದು ಒಳಿತು ಎಂದು ನಾನು ನಿಷ್ಠುರವಾಗಿಯೇ ಹೇಳುತ್ತೇನೆ.

ಇನ್ನು ಅದಿರು ನಿಜವಾಗಿಯೂ ಇದ್ದು ಹೂಡಿಕೆದಾರ ಸೋತ ಕಥೆಗಳು. ಪಶ್ಚಿಮ ಆಸ್ಟ್ರೇಲಿಯಾದ ವಿಂಡಾರಾದಲ್ಲಿ 1969ರಲ್ಲಿ ಪೊಸೈಡನ್ ಎಂಬ ಸಣ್ಣ ಕಂಪನಿಗೆ ನಿಕಲ್ ಸಿಕ್ಕಿತು. ವಿಯೆಟ್ನಾಂ ಯುದ್ಧದ ಕಾಲ, ನಿಕಲ್‌ಗೆ ವಿಪರೀತ ಬೇಡಿಕೆ. ಸೆಪ್ಟೆಂಬರ್‌ನಲ್ಲಿ 80 ಸೆಂಟ್ ಇದ್ದ ಷೇರು 1970ರ ಫೆಬ್ರವರಿಯಲ್ಲಿ 280 ಡಾಲರ್ ಮುಟ್ಟಿತು. ವಿಂಡಾರಾದ ನಿಕಲ್ ಕಟ್ಟುಕಥೆಯಾಗಿರಲಿಲ್ಲ, 1974ರಲ್ಲಿ ಅಲ್ಲಿ ಉತ್ಪಾದನೆಯೂ ಶುರುವಾಯಿತು. ಆದರೆ ಅದಿರಿನ ಗುಣಮಟ್ಟ ಮೊದಲು ಅಂದುಕೊಂಡಷ್ಟಿರಲಿಲ್ಲ, ಗಣಿ ಕಟ್ಟುವ ಹೊತ್ತಿಗೆ ನಿಕಲ್ ಬೆಲೆ ಇಳಿದಿತ್ತು. 1976ರಲ್ಲಿ ಕಂಪನಿ ಕುಸಿದು ಷೇರುಪೇಟೆಯಿಂದಲೇ ಹೊರಬಿತ್ತು. ಇವತ್ತಿನ ಪರಿಸ್ಥಿತಿಯಲ್ಲಿ ಈ ಅಂತರ ಇನ್ನೂ ಹಿಗ್ಗಿದೆ: ನಿಕ್ಷೇಪ ಪತ್ತೆಯಾದ ದಿನದಿಂದ ಗಣಿ ಉತ್ಪಾದನೆ ಶುರುಮಾಡುವವರೆಗೆ ಸರಾಸರಿ 15 ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ ಎಂದು ಎಸ್ ಅಂಡ್ ಪಿ ಗ್ಲೋಬಲ್‌ನ ಲೆಕ್ಕಾಚಾರ ಹೇಳುತ್ತದೆ. ಖನಿಜದ ಬೆಲೆ ಅಷ್ಟು ಹೊತ್ತು ಕಾಯುವುದಿಲ್ಲ. ಚೀನಾದಲ್ಲಿ ಲಿಥಿಯಂ ಕಾರ್ಬೊನೇಟ್ 2022ರ ನವೆಂಬರ್‌ನಲ್ಲಿ ಟನ್ನಿಗೆ 6 ಲಕ್ಷ ಯುವಾನ್ ಹತ್ತಿರ ಹೋಗಿ, ಮರುವರ್ಷದ ಕೊನೆಗೆ 1 ಲಕ್ಷ ಯುವಾನ್‌ನ ಆಸುಪಾಸಿಗೆ ಕುಸಿದಿತ್ತು. ಮೇಲಿನ ಬೆಲೆಯನ್ನು ನಂಬಿ ಹುಟ್ಟಿದ ಯೋಜನೆಗಳಲ್ಲಿ ಎಷ್ಟೋ ಕೊರೆಯುವ ಹಂತದಲ್ಲೇ ತಣ್ಣಗಾದವು.

ನಮ್ಮಲ್ಲಿ ಸುದ್ದಿಯಾದ ಲಿಥಿಯಂ ಕೂಡ ಇದೇ ಪಾಠದ ಇನ್ನೊಂದು ಮುಖ. 2020ರ ಆರಂಭದಲ್ಲಿ ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ 14,100 ಟನ್ ಲಿಥಿಯಂ ಇರಬಹುದೆಂಬ ಸಂಶೋಧಕರ ಅಂದಾಜು ದೊಡ್ಡ ಸುದ್ದಿಯಾಯಿತು. ಮರುವರ್ಷ ಅಣು ಖನಿಜ ನಿರ್ದೇಶನಾಲಯದ ಸಮೀಕ್ಷೆಯ ಆಧಾರದಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಅಂಕಿ 1,600 ಟನ್, ಅದೂ 'ಊಹಿತ', ಅಂದರೆ ಖಚಿತತೆ ಕಡಿಮೆಯಿರುವ ವರ್ಗದ್ದು. 2023ರ ಫೆಬ್ರವರಿಯಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಎಂಬ ಸುದ್ದಿ ಬಂತು. ಅದು ಲಿಥಿಯಂ ಅದಿರಿನ ತೂಕ, ಲೋಹದ ತೂಕವಲ್ಲ. ಹಂತ ಜಿ–3. ನಮ್ಮ ನಿಯಮಗಳಲ್ಲಿ ಜಿ–4 ಎಂದರೆ ನೆಲದ ಮೇಲ್ನೋಟದ ಸಮೀಕ್ಷೆ, ಜಿ–1 ಎಂದರೆ ಒತ್ತೊತ್ತಾಗಿ ಕೊರೆದು ಖಚಿತಪಡಿಸಿಕೊಂಡ ಸ್ಥಿತಿ. ಜಿ–3 ಇವೆರಡರ ನಡುವೆ, ಆದರೆ ಆರಂಭಕ್ಕೆ ಹತ್ತಿರ. ರಿಯಾಸಿಯ ಲಿಥಿಯಂ ಇರುವುದು ಬಾಕ್ಸೈಟ್ ಜೊತೆಗಿನ ಜೇಡಿಯಂಥ ಕಲ್ಲಿನಲ್ಲಿ, ಅಂಥ ಕಲ್ಲಿನಿಂದ ಲಿಥಿಯಂ ತೆಗೆಯುವ ವಿಧಾನ ಜಗತ್ತಿನಲ್ಲಿ ಇನ್ನೂ ವಾಣಿಜ್ಯ ಮಟ್ಟದಲ್ಲಿ ಬೇರೂರಿಲ್ಲ. ಸರ್ಕಾರ ಎರಡು ಸಲ ಹರಾಜಿಗೆ ಇಟ್ಟರೂ ಸಾಕಷ್ಟು ಬಿಡ್‌ದಾರರಿಲ್ಲದೆ ಹರಾಜು ರದ್ದಾಯಿತು. ದೊಡ್ಡ ದೊಡ್ಡ ಗಣಿ ಕಂಪನಿಗಳು ಲೆಕ್ಕ ಹಾಕಿ ದೂರ ಉಳಿದ ಸುದ್ದಿಯ ಮೇಲೆ ಚಿಲ್ಲರೆ ಹೂಡಿಕೆದಾರ ಸಂಬಂಧವೇ ಇಲ್ಲದ ಷೇರುಗಳನ್ನು 'ಲಿಥಿಯಂ ಷೇರು' ಎಂದು ಕೊಳ್ಳುವುದು ನೋಡಿದರೆ ಸಂಕಟವಾಗುತ್ತದೆ.

ಅದಿರೂ ಇದ್ದು ಬೆಲೆಯೂ ನಿಂತಿತು ಎಂದಿಟ್ಟುಕೊಳ್ಳೋಣ. ಆಗಲೂ ಪಾಲು ಸವೆಯುವ ಸಮಸ್ಯೆ ಉಳಿಯುತ್ತದೆ. ಆದಾಯವಿಲ್ಲದ ಕಂಪನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಪ್ರತಿ ಸುತ್ತಿನ ಕೊರೆತಕ್ಕೂ ಅದು ಹೊಸ ಷೇರು ಮಾರಲೇಬೇಕು. 5 ರೂಪಾಯಿಯ 10 ಕೋಟಿ ಷೇರುಗಳಿರುವ, ಅಂದರೆ 50 ಕೋಟಿ ಮೌಲ್ಯದ ಕಂಪನಿಯೊಂದನ್ನು ಊಹಿಸಿಕೊಳ್ಳಿ. ವರ್ಷಕ್ಕೆ 15 ಕೋಟಿ ಬೇಕು, ಹೊಸ ಷೇರಿಗೆ ಸಿಗುವ ಬೆಲೆ 4 ರೂಪಾಯಿ. ಪ್ರತಿ ವರ್ಷ 3.75 ಕೋಟಿ ಷೇರು ಸೇರುತ್ತಾ ಹೋದರೆ ನಾಲ್ಕು ವರ್ಷಕ್ಕೆ ಒಟ್ಟು 25 ಕೋಟಿ ಷೇರು. ಕೊನೆಗೆ ಶೋಧ ಯಶಸ್ವಿಯಾಗಿ ಕಂಪನಿಯ ಬೆಲೆ ನಾಲ್ಕು ಪಟ್ಟಾಗಿ 200 ಕೋಟಿ ಆಯಿತೆನ್ನಿ. ಷೇರಿನ ಬೆಲೆ 8 ರೂಪಾಯಿ. ಕಂಪನಿ ನಾಲ್ಕು ಪಟ್ಟು ಬೆಳೆದಿದೆ, ಮೊದಲ ದಿನದಿಂದ ಕಾದ ಷೇರುದಾರನಿಗೆ ಸಿಕ್ಕ ಲಾಭ ಶೇ 60. ಅವನು ನಂಬಿದ್ದು ನಿಜವಾಯಿತು, ಆದರೂ ಫಲದ ಬಹುಪಾಲು ಹೊಸಬರಿಗೆ ಹೋಯಿತು.

ಹಾಗಾದರೆ ಪ್ರತಿಫಲವೇ ಇಲ್ಲವೇ? ಇದೆ, ಮತ್ತು ಅದನ್ನು ಮರೆಮಾಚುವುದು ಅಪ್ರಾಮಾಣಿಕತೆಯಾಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾದಲ್ಲಿ ವರ್ಷಗಟ್ಟಲೆ ಹುಡುಕುತ್ತಿದ್ದ ಡಿ ಗ್ರೇ ಮೈನಿಂಗ್ ಎಂಬ ಕಂಪನಿಯ ಷೇರು 2019ರ ಕೊನೆಯಲ್ಲಿ ಐದಾರು ಸೆಂಟ್ ಆಸುಪಾಸಿನಲ್ಲಿತ್ತು. ಪೋರ್ಟ್ ಹೆಡ್‌ಲ್ಯಾಂಡ್ ಹತ್ತಿರ, ಮರಳು ಮುಚ್ಚಿದ ನೆಲದ ಕೆಳಗೆ, ಹೆಮಿ ಎಂಬ ಹೆಸರಿನ ನಿಕ್ಷೇಪ ಸಿಕ್ಕಿತು. ಒಂದು ವರ್ಷದೊಳಗೆ ಷೇರು ಒಂದು ಡಾಲರ್ ದಾಟಿತು. 2024ರ ಡಿಸೆಂಬರ್‌ನಲ್ಲಿ ನಾರ್ದರ್ನ್ ಸ್ಟಾರ್ ಕಂಪನಿ ಅದನ್ನು ಸುಮಾರು 500 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ, ಷೇರಿಗೆ 2 ಡಾಲರಿಗೂ ಹೆಚ್ಚು ಲೆಕ್ಕದಲ್ಲಿ, ಕೊಳ್ಳುವುದಾಗಿ ಪ್ರಕಟಿಸಿತು. ಐದು ವರ್ಷಗಳಲ್ಲಿ ಮೂವತ್ತು ನಲವತ್ತು ಪಟ್ಟು ಕೊಡುವ ಬೇರೆ ಹೂಡಿಕೆ ಸುಲಭಕ್ಕೆ ಸಿಗುವುದಿಲ್ಲ.

ಇಂಥದೊಂದು ಸಿಗಲೆಂದು ಇಪ್ಪತ್ತು ಕಂಪನಿಗಳಲ್ಲಿ ಹರಡಿ ಹೂಡಿದರೆ ಸಾಕೆಂಬ ವಾದವಿದೆ. ಅದನ್ನೂ ಲೆಕ್ಕ ಹಾಕಿ ನೋಡೋಣ. ಒಂದೊಂದಕ್ಕೆ 5,000 ರೂಪಾಯಿಯಂತೆ ಒಟ್ಟು 1 ಲಕ್ಷ. ಹದಿನೈದು ಕಂಪನಿಗಳು ಶೇ 80ರಷ್ಟು ಕಳೆದುಕೊಂಡು 15,000 ಉಳಿಸುತ್ತವೆ ಎನ್ನಿ. ನಾಲ್ಕು ಇದ್ದಲ್ಲೇ ಇದ್ದು 20,000. ಒಂದು ಇಪ್ಪತ್ತು ಪಟ್ಟಾಗಿ 1 ಲಕ್ಷ. ಒಟ್ಟು 1.35 ಲಕ್ಷ. ಇದು ಹತ್ತು ವರ್ಷದ ಕಥೆಯಾದರೆ ವರ್ಷಕ್ಕೆ ಸಿಕ್ಕ ಪ್ರತಿಫಲ ಸುಮಾರು ಶೇ 3, ಊರ ಬ್ಯಾಂಕಿನ ನಿಶ್ಚಿತ ಠೇವಣಿಗಿಂತ ಕಡಿಮೆ. ಇಪ್ಪತ್ತು ಪಟ್ಟಿನ ಕುದುರೆಯನ್ನು ಮೂರು ಪಟ್ಟಾದಾಗಲೇ ಮಾರಿದ್ದರೆ, ಮನುಷ್ಯರಾದವರು ಸಾಮಾನ್ಯವಾಗಿ ಮಾಡುವುದು ಅದನ್ನೇ, ಕೈಗೆ ಬರುವುದು 50,000. ಹೀಗಾಗಿ ಹರಡಿ ಹೂಡುವುದು ದಿವಾಳಿಯಾಗದಂತೆ ಕಾಯುತ್ತದೆಯೇ ಹೊರತು ತಾನಾಗಿ ಲಾಭ ತರುವುದಿಲ್ಲ. ಪೂರ್ತಿ ಹೋದರೂ ಮನೆಯ ಖರ್ಚು, ಮಕ್ಕಳ ಓದು, ಸಾಲದ ಕಂತು ಯಾವುದೂ ಅಲುಗದಷ್ಟು ಹಣ ಮಾತ್ರ ಇಲ್ಲಿಗೆ ಬರಬೇಕು. ಸಾಲ ತಂದು ಹೂಡುವ ಮಾತನ್ನಂತೂ ಯಾರೂ ಆಡಬಾರದು.

ಡಿ ಗ್ರೇಯ ಷೇರುದಾರರಿಗೆ ಲಾಭ ಸಿಕ್ಕಿದ್ದಕ್ಕೆ ಇನ್ನೊಂದು ಕಾರಣವಿದೆ, ಮತ್ತು ಭಾರತದ ಹೂಡಿಕೆದಾರನಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಆಸ್ಟ್ರೇಲಿಯಾದಲ್ಲಿ ಪರಿಶೋಧನಾ ಪರವಾನಗಿ ಇರುವವನು ನಿಯಮ ಪಾಲಿಸಿದ್ದರೆ ತಾನು ಕಂಡುಹಿಡಿದ ನಿಕ್ಷೇಪಕ್ಕೆ ತಾನೇ ಗಣಿ ಗುತ್ತಿಗೆ ಕೇಳಬಹುದು, ಅಥವಾ ಇಡೀ ಯೋಜನೆಯನ್ನು ದೊಡ್ಡ ಕಂಪನಿಗೆ ಮಾರಬಹುದು. ನಮ್ಮ ರೈತ ತನ್ನ ಹೊಲದಲ್ಲಿ ಬೋರ್‌ವೆಲ್ ಕೊರೆಸಿದಾಗ ನೀರು ಬಾರದಿದ್ದರೆ ನಷ್ಟ ಅವನದು, ಬಂದರೆ ನೀರು ಅವನದು. ಭಾರತದ ಖನಿಜದಲ್ಲಿ ನಷ್ಟದ ಭಾಗ ಹಾಗೆಯೇ ಇದೆ, ನೀರಿನ ಭಾಗ ಹಾಗಿಲ್ಲ.

ದೇಶದ ಗಣಿ ಮತ್ತು ಖನಿಜ ಕಾಯ್ದೆಗೆ ಬಂದ 2015ರ ತಿದ್ದುಪಡಿ ಗಣಿ ಗುತ್ತಿಗೆಗಳನ್ನೆಲ್ಲ ಹರಾಜಿಗೆ ಒಳಪಡಿಸಿತು. ಮನಸೋ ಇಚ್ಛೆ ಹಂಚಿಕೆಯ ಹಳೆಯ ಪದ್ಧತಿಯಿಂದ, ಬಳ್ಳಾರಿಯ ಅದಿರಿನ ಲೂಟಿ ಕಂಡ ನಾವು ಹೇಳುವುದಾದರೆ, ಸಾರ್ವಜನಿಕ ಸಂಪತ್ತಿಗೆ ಅಪಾರ ಹಾನಿಯಾಗಿತ್ತು, ಆದ್ದರಿಂದ ಹರಾಜಿನ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆಗಲೇ ಶೋಧ ನಡೆಸುತ್ತಿದ್ದವರ ಹಕ್ಕನ್ನು ಕಾಯುವ ಕಲಮೊಂದು ಆ ತಿದ್ದುಪಡಿಯಲ್ಲಿತ್ತು. 2021ರ ತಿದ್ದುಪಡಿ ಅದನ್ನೂ ಕೊನೆಗೊಳಿಸಿ, ಬಾಕಿ ಇದ್ದ ಹಕ್ಕುಗಳು ಅಸಿಂಧುವೆಂದೂ ಖರ್ಚಾದ ಹಣವನ್ನು ಹಿಂದಿರುಗಿಸಲಾಗುವುದೆಂದೂ ಹೇಳಿತು. ಹಾವೇರಿ ಜಿಲ್ಲೆಯ ಗಣಜೂರಿನಲ್ಲಿ ಚಿನ್ನ ಪತ್ತೆ ಮಾಡಿ, ಗಣಿ ಗುತ್ತಿಗೆಯ ಅರ್ಜಿಯ ಹಂತ ಮುಟ್ಟಿದ್ದ ಡೆಕ್ಕನ್ ಗೋಲ್ಡ್ ಮೈನ್ಸ್ ಈ ಬದಲಾವಣೆಯ ಪೆಟ್ಟು ತಿಂದ ಕಂಪನಿಗಳಲ್ಲೊಂದು. ಮುಂಬೈ ಷೇರುಪೇಟೆಯಲ್ಲಿ ಅದರ ಷೇರು ಹಿಡಿದು ಕಾದವರಿಗೆ ಭೂವಿಜ್ಞಾನ ಕೈಕೊಡಲಿಲ್ಲ. ಖರ್ಚು ಮರಳಿ ಬರುವುದಕ್ಕೂ ಶೋಧದ ಬೆಲೆ ಸಿಗುವುದಕ್ಕೂ ಇರುವ ಅಂತರವೇ ಪರಿಶೋಧನಾ ಹೂಡಿಕೆಯ ಇಡೀ ಪ್ರತಿಫಲ, ಕಾನೂನಿನ ಒಂದು ಸಾಲು ಆ ಅಂತರವನ್ನು ಅಳಿಸಿತು.

2023ರಲ್ಲಿ ಸರ್ಕಾರ ಚಿನ್ನ, ತಾಮ್ರ, ಲಿಥಿಯಂ ಸೇರಿ 29 ಖನಿಜಗಳಿಗೆ ಪರಿಶೋಧನಾ ಪರವಾನಗಿ ಎಂಬ ಹೊಸ ವ್ಯವಸ್ಥೆ ತಂದಿತು, 2025ರ ಮಾರ್ಚ್‌ನಲ್ಲಿ 13 ಬ್ಲಾಕುಗಳ ಹರಾಜಿಗೆ ಚಾಲನೆ ಕೊಟ್ಟಿತು. ಒಂದು ಪರವಾನಗಿಗೆ 1,000 ಚದರ ಕಿಲೋಮೀಟರ್‌ವರೆಗಿನ ನೆಲ, ಐದು ವರ್ಷದ ಅವಧಿ, ಬೇಕಾದರೆ ಇನ್ನೆರಡು ವರ್ಷ. ಖಾಸಗಿ ಶೋಧಕರನ್ನು ಕರೆತರುವ ಪ್ರಯತ್ನವಾಗಿ ಇದು ಸ್ವಾಗತಾರ್ಹವೇ. ಆದರೆ ಇಲ್ಲಿಯೂ ಶೋಧಕನಿಗೆ ಗಣಿ ಸಿಗುವುದಿಲ್ಲ. ಅವನು ಕಂಡುಹಿಡಿದದ್ದನ್ನು ಸರ್ಕಾರ ಹರಾಜು ಹಾಕುತ್ತದೆ, ಗೆದ್ದ ಗಣಿ ಕಂಪನಿ ಕಟ್ಟುವ ಹರಾಜು ಪ್ರೀಮಿಯಂನಲ್ಲಿ, ಅಂದರೆ ಹರಾಜಿನಲ್ಲಿ ಒಪ್ಪಿ ಸರ್ಕಾರಕ್ಕೆ ಕೊಡುವ ಮೊತ್ತದಲ್ಲಿ, ಒಂದು ಪಾಲು ಶೋಧಕನಿಗೆ ಬರುತ್ತದೆ. ಆ ಪಾಲು ಎಷ್ಟೆಂಬುದು ಇಳಿಕೆ ಹರಾಜಿನಲ್ಲಿ ನಿಗದಿಯಾಗುತ್ತದೆ, ಅತಿ ಕಡಿಮೆ ಪಾಲಿಗೆ ಒಪ್ಪಿದವನಿಗೆ ಪರವಾನಗಿ. ಆದ್ದರಿಂದ ಇಂಥ ಪರವಾನಗಿ ಗೆದ್ದ ಸುದ್ದಿಗೆ ಕಂಪನಿಯ ಷೇರು ಏರಿದರೆ, ಎಷ್ಟು ಶೇಕಡಾ ಪಾಲಿಗೆ ಅದು ಸಹಿ ಹಾಕಿದೆ, ಏಳು ವರ್ಷಗಳ ಕೊರೆತಕ್ಕೆ ಕೈಯಲ್ಲಿರುವ ನಗದು ಸಾಕೇ, ಮುಂದಿನ ಷೇರುಗಳನ್ನು ಯಾವ ಬೆಲೆಗೆ ಮಾರಲಿದೆ ಎಂಬುದನ್ನು ಮೊದಲು ಓದಿಕೊಳ್ಳಬೇಕು. ಶೋಧ ಮುಗಿದ ಮೇಲೆ ನಡೆಯುವ ಹರಾಜಿಗೆ ಯಾರೂ ಬರದಿದ್ದರೆ ಪ್ರೀಮಿಯಂ ಹುಟ್ಟುವುದಿಲ್ಲ, ಪಾಲೂ ಹುಟ್ಟುವುದಿಲ್ಲ. ರಿಯಾಸಿಯಲ್ಲಿ ಹರಾಜು ಎರಡು ಸಲ ರದ್ದಾದದ್ದನ್ನು ನೋಡಿದ ಮೇಲೆ ಆ ಸಾಧ್ಯತೆಯನ್ನು ಲೆಕ್ಕದಿಂದ ಹೊರಗಿಟ್ಟು ಇಂಥ ಷೇರಿಗೆ ಬೆಲೆ ಕಟ್ಟಲು ಬರುವುದಿಲ್ಲ.